ಒಂದು ಆಜ್ಞೆ, ಸಾವಿರ ತಿದ್ದುಪಡಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಪ್ರೋಗ್ರಾಂ ಬರೆಯುವವಳಲ್ಲ. ಬೇರೆಯವರು ಬರೆದ ಪ್ರೋಗ್ರಾಂ ಬಳಸುವುದು ಹೇಗೆಂದು ಬರೆಯುವವಳು. ಇಷ್ಟು ದಿನ ನಾನು ಬರೆದದ್ದನ್ನು ಮನುಷ್ಯರು ಓದುತ್ತಿದ್ದರು. ಅರ್ಥವಾಗದಿದ್ದರೆ ಫೋನ್ ಮಾಡಿ ಬೈಯುತ್ತಿದ್ದರು. ಈಗ ಓದುವುದು ಕೃತಕ ಬುದ್ಧಿಮತ್ತೆಯ ಏಜೆಂಟ್, ಅಂದರೆ ನಮ್ಮ ಮಾತು ಕೇಳಿ ತಾನೇ ಬೇರೆ ಬೇರೆ ಸಾಧನಗಳನ್ನು ಬಳಸಿ ಕೆಲಸ ಮುಗಿಸುವ ತಂತ್ರಾಂಶ. ಅದು ಫೋನ್ ಮಾಡುವುದಿಲ್ಲ. ನಾನು ಬರೆಯದೆ ಬಿಟ್ಟದ್ದನ್ನು ಎಷ್ಟೋ ಸಲ ತಾನೇ ಊಹಿಸಿಕೊಂಡು ಮುಂದೆ ಹೋಗುತ್ತದೆ.

2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಮುಕ್ತ ನಿಯಮಾವಳಿಯನ್ನು ಹೊರತಂದಿತು. ಅದರ ಪ್ರಕಾರ ಒಂದು ಸಾಧನದ ಬಗ್ಗೆ ಏಜೆಂಟ್‌ಗೆ ತಿಳಿಯುವುದು ಮುಖ್ಯವಾಗಿ ಮೂರು ಸಂಗತಿ: ಸಾಧನದ ಹೆಸರು, ಅದರ ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ. ಆ ವಿವರಣೆ ಬರೆಯುವುದೇ ನನ್ನ ಕೆಲಸ. ಅದರಲ್ಲಿ ಅತ್ಯಂತ ಕಷ್ಟದ್ದು ನೂರಾರು ದಾಖಲೆಗಳನ್ನು ಒಟ್ಟಿಗೆ ತಿದ್ದುವ ಸಾಧನ.

ನಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನೇ ನೆನೆಯಿರಿ. ಅದು ಪೂರ್ತಿ ಕಂಪ್ಯೂಟರಿನಲ್ಲಿದೆ ಅಂದುಕೊಳ್ಳೋಣ. ಜೂನ್ ತಿಂಗಳು. ಏಜೆಂಟ್‌ಗೆ ಹೇಳುತ್ತೀರಿ: "ತೇರ್ಗಡೆಯಾದವರನ್ನೆಲ್ಲ ಮುಂದಿನ ತರಗತಿಗೆ ಹಾಕು." ಸಾಧನದಲ್ಲಿ "ತರಗತಿಗೆ ಒಂದು ಕೂಡಿಸು" ಎಂಬ ಆಜ್ಞೆ ಇದೆ. ಅದು ಕೆಲಸ ಮಾಡಿತು; ಆದರೆ ಉತ್ತರ ಬರುವ ಹೊತ್ತಿಗೆ ಇಂಟರ್ನೆಟ್ ಕೈಕೊಟ್ಟಿತು. ಕೆಲಸ ಆಗಲಿಲ್ಲವೆಂದು ತಿಳಿದ ಏಜೆಂಟ್ ಮತ್ತೊಮ್ಮೆ ಅದೇ ಆಜ್ಞೆ ಕೊಡುತ್ತದೆ. ಎಂಟನೆಯವರು ಹತ್ತಕ್ಕೆ ಬಂದು ಕೂತರು! ಹಾಗಾಗದಿರಲು "ಈ ದಾಖಲಾತಿ ಸಂಖ್ಯೆಯವರ ತರಗತಿ 9" ಎಂದು ನೇರ ಬೆಲೆ ಕೊಡುವಂತಿರಬೇಕು. ಆಗ ಹತ್ತು ಸಲ ಕಳಿಸಿದರೂ 9 ಒಂಬತ್ತೇ. "ಎಂಟರಲ್ಲಿರುವವರನ್ನೆಲ್ಲ ಒಂಬತ್ತಕ್ಕೆ, ಆಮೇಲೆ ಒಂಬತ್ತರಲ್ಲಿರುವವರನ್ನೆಲ್ಲ ಹತ್ತಕ್ಕೆ" ಎಂದರೂ ಅದೇ ಫಜೀತಿ. ಮೇಲಿನ ತರಗತಿಯಿಂದ ಕೆಳಗೆ ಬರಬೇಕು. ಇದನ್ನು ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಜೆಂಟ್‌ಗೆ ಬರೆದೇ ಇಡಬೇಕು.

ಇನ್ನು ಖಾಲಿ ಜಾಗದ ಗೊಂದಲ. ತಂದೆಯ ಫೋನ್ ನಂಬರ್ ಕಾಲಂ ಕಳಿಸದಿದ್ದರೆ "ಇದ್ದದ್ದು ಹಾಗೇ ಇರಲಿ" ಎಂದೋ, "ಅಳಿಸಿಬಿಡು" ಎಂದೋ? ಏರ್‌ಟೇಬಲ್ ಎಂಬ ಸೇವೆಯಲ್ಲಿ ಎರಡಕ್ಕೂ ಬೇರೆ ಬೇರೆ ಆಜ್ಞೆಗಳಿವೆ: ಪ್ಯಾಚ್ ಎಂದರೆ ಕಳಿಸಿದ ಕಾಲಂ ಮಾತ್ರ ಬದಲಾಗುತ್ತದೆ, ಪುಟ್ ಎಂದರೆ ಕಳಿಸದ ಕಾಲಂಗಳು ಖಾಲಿಯಾಗುತ್ತವೆ. ಒಂದು ಸಲಕ್ಕೆ ಹತ್ತೇ ದಾಖಲೆ ಎಂಬ ಮಿತಿಯೂ ಅಲ್ಲಿದೆ. ಬೇಗ ಆಗುವುದಿಲ್ಲವೆಂದು ಜನ ಗೊಣಗಬಹುದು, ನನಗಂತೂ ಆ ಮಿತಿ ಇಷ್ಟ.

ತಾರೀಖೂ ಹಾಗೆಯೇ. 03-04-2011 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಹುಟ್ಟಿದ ದಿನ ತಪ್ಪಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋದರೆ ಅದನ್ನು ಸರಿಪಡಿಸಲು ಅಲೆಯುವ ಕಷ್ಟ ಇಲ್ಲಿರುವ ಎಷ್ಟೋ ತಂದೆತಾಯಿಗಳಿಗೆ ಗೊತ್ತು. ಆದ್ದರಿಂದ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 2011-04-03 ಎಂದೇ ಬರೆಯಬೇಕೆಂದು ಉದಾಹರಣೆ ಸಮೇತ ಹೇಳುತ್ತೇನೆ. ಹುಡುಗರನ್ನು ಹೆಸರಿನಿಂದ ಹುಡುಕಬೇಡ, ದಾಖಲಾತಿ ಸಂಖ್ಯೆಯಿಂದ ಹುಡುಕು ಎಂತಲೂ ಬರೆಯುತ್ತೇನೆ. ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿರುವ ಊರು ನಮ್ಮದು.

ಸಾಧನ ಕೊಡುವ ಉತ್ತರವನ್ನೂ ವಿವರಿಸಬೇಕು. ಮುನ್ನೂರರಲ್ಲಿ ಮೂರು ತಿದ್ದಲಾಗದಿದ್ದರೆ ಏನು? ಇಲಾಸ್ಟಿಕ್‌ಸರ್ಚ್ ಎಂಬ ತಂತ್ರಾಂಶದಲ್ಲಿ ಇಂಥ ಒಟ್ಟು ಕೆಲಸದಲ್ಲಿ ಕೆಲವು ದಾಖಲೆ ವಿಫಲವಾದರೂ ಮೇಲಿನ ಸಂಕೇತ 200, ಅಂದರೆ "ಸರಿ" ಎಂದೇ ಬರುತ್ತದೆ. ಯಾವುದು ಬಿದ್ದುಹೋಯಿತೆಂದು ಒಳಗಿನ ಒಂದೊಂದು ಸಾಲನ್ನೂ ನೋಡಬೇಕು. ಇದನ್ನು ಬರೆಯದಿದ್ದರೆ ಏಜೆಂಟ್ "ಎಲ್ಲ ಮುಗಿಯಿತು ಸಾರ್" ಎಂದು ವರದಿ ಒಪ್ಪಿಸಿಬಿಡಬಹುದು. ಉಳಿದ ಮೂರು ಮಕ್ಕಳ ಹೆಸರು ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಇಲ್ಲದ್ದು ಗೊತ್ತಾಗುವುದು ಹಣ ಬರದಿದ್ದಾಗ.

ಹಾಗಾದರೆ ಎಲ್ಲವನ್ನೂ ಉದ್ದುದ್ದ ಬರೆದರಾಯಿತೇ? ಇಲ್ಲ. ಏಜೆಂಟ್ ಒಂದು ಸಲಕ್ಕೆ ಗಮನದಲ್ಲಿಟ್ಟುಕೊಳ್ಳುವ ಪಠ್ಯಕ್ಕೂ ಮಿತಿಯಿದೆ. ಹತ್ತು ಪುಟದ ನಡುವೆ ಮುಖ್ಯ ಎಚ್ಚರಿಕೆ ಮುಳುಗಿಹೋಗುತ್ತದೆ. ಅಪಾಯದ್ದು ಮೊದಲ ಎರಡು ಸಾಲಿನಲ್ಲಿ ಬರಬೇಕು. ಒಂದೇ ದಾಖಲೆ ತಿದ್ದುವುದಿದ್ದರೆ ಈ ಸಾಧನ ಬಳಸಬೇಡ ಎಂಬುದನ್ನೂ ನಾನು ಅಲ್ಲೇ ಸೇರಿಸುತ್ತೇನೆ.

ಇನ್ನೊಂದು ಮಾತು. ಬರಹ ಬೀಗವಲ್ಲ. ಮೊದಲು ಹೇಳಿದ ಆ ನಿಯಮಾವಳಿಯಲ್ಲಿ "ಈ ಸಾಧನ ಇದ್ದದ್ದನ್ನು ಅಳಿಸಬಹುದು" ಎಂದು ಗುರುತು ಹಾಕುವ ಅವಕಾಶವಿದೆ. ಆದರೆ ಅದು ಸುಳಿವು ಮಾತ್ರ, ತಡೆ ಅಲ್ಲ. ಅದಕ್ಕೇ ಸಾಧನ ಕಟ್ಟುವ ಗೆಳೆಯರ ಹತ್ತಿರ ನಾನು ಜಗಳವಾಡುವುದು. ಯಾರನ್ನು ತಿದ್ದಬೇಕೆಂಬ ಷರತ್ತು ಇಲ್ಲದ ಆಜ್ಞೆಯನ್ನು ಅವರ ಸಾಧನವೇ ತಿರಸ್ಕರಿಸಬೇಕು. ಎಸ್‌ಕ್ಯೂಎಲ್ ಭಾಷೆಯಲ್ಲಿ ಅಪ್‌ಡೇಟ್ ಆಜ್ಞೆಗೆ ಷರತ್ತು ಸೇರಿಸುವುದು ಮರೆತರೆ ಕೋಷ್ಟಕದ ಎಲ್ಲ ಸಾಲೂ ಬದಲಾಗುತ್ತದೆ. ತಿದ್ದುವ ಮುನ್ನ "312 ದಾಖಲೆ ಬದಲಾಗಲಿವೆ" ಎಂದು ತೋರಿಸಿ, ಮನುಷ್ಯರೊಬ್ಬರ ಒಪ್ಪಿಗೆಗೆ ಕಾಯಬೇಕು. ಶಾಲೆಯ ಪುಸ್ತಕದಲ್ಲಿ ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಹೆಡ್‌ಮಾಸ್ಟರ್ ಸಹಿ ಹಾಕುತ್ತಿದ್ದರಲ್ಲ, ಹಾಗೆ ಹಳೆಯ ಬೆಲೆಯೂ ತಿದ್ದಿದವರ ಗುರುತೂ ಉಳಿಯಬೇಕು.

ಊಟವಾದ ಮೇಲೆ ಒಂಬತ್ತನೇ ತರಗತಿಯವರು ಕಂಪ್ಯೂಟರ್ ಕೊಠಡಿಗೆ ಬನ್ನಿ. ಕಾಲ್ಪನಿಕ ಹೆಸರುಗಳ ಒಂದು ಪಟ್ಟಿ ತಂದಿದ್ದೇನೆ. ಸೂಚನೆಯನ್ನು ನೀವು ಬರೆಯಿರಿ, ಏಜೆಂಟ್ ಏನು ಮಾಡುತ್ತದೋ ಒಟ್ಟಿಗೆ ನೋಡೋಣ.