ಆಳುವವರೂ ಪತ್ರಿಕೆಗಳೂ



ಶರಣರ ಅನುಭವಮಂಟಪದಲ್ಲಿ ಪ್ರಶ್ನೆಯು ಅವಿನಯವೆನಿಸಲಿಲ್ಲ. ರಾಜ್ಯಾಡಳಿತಕ್ಕೂ ಈ ನ್ಯಾಯವು ಸಲ್ಲತಕ್ಕದ್ದು. 1881ರಲ್ಲಿ ದಿವಾನ ರಂಗಾಚಾರ್ಲುರವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿ, ಸಂಸ್ಥಾನದ ಆಡಳಿತದ ವಿವರವನ್ನು ಪ್ರಜೆಗಳ ಮುಂದಿರಿಸಿದರು. ಸಭೆಯಾದರೋ ವರ್ಷಕ್ಕೊಮ್ಮೆ; ಉಳಿದ ದಿನಗಳಲ್ಲಿ ಕೇಳುವವರಾರು? ಪತ್ರಿಕೆಗಳೇ. ಆದರೆ 1908ರಲ್ಲಿ, ವಿ. ಪಿ. ಮಾಧವರಾಯರ ದಿವಾನಗಿರಿಯಲ್ಲಿ, ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯನ್ನು ಹೊರಡಿಸಕೂಡದೆಂಬ ಶಾಸನವಾಯಿತು. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರವೂ ಸರ್ಕಾರದ್ದೇ. ಲೆಕ್ಕವನ್ನೊಪ್ಪಿಸಬೇಕಾದವನೇ ಲೆಕ್ಕ ಕೇಳುವವನಿಗೆ ರಹದಾರಿ ಕೊಡುವುದೆಂದರೆ ವಿಚಿತ್ರವಲ್ಲವೇ! ಮೈಸೂರಿನ ವೃದ್ಧಪಿತಾಮಹರೆನಿಸಿದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿದರು. ಕೆಲವು ಪತ್ರಿಕೆಗಳು ನಿಂತೇಹೋದುವು. ಪ್ರಶ್ನೆಯು ಮಾತ್ರ ನಿಲ್ಲಲಿಲ್ಲ. ಮೂವತ್ತು ವರ್ಷಗಳ ತರುವಾಯ, 1938ರ ಏಪ್ರಿಲಿನಲ್ಲಿ, ಇದೇ ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜವೇರಿಸಲು ನೆರೆದವರು ಬೇಡಿದುದು ಜವಾಬ್ದಾರಿ ಸರ್ಕಾರವನ್ನು, ಎಂದರೆ ಕೇಳಿದುದಕ್ಕೆ ಉತ್ತರ ಹೇಳತಕ್ಕ ಸರ್ಕಾರವನ್ನು.