ಹಲ್ಲು ಕಚ್ಚಿಕೊಂಡು ಸಹಿಸುವ ಮಕ್ಕಳು

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯಾಗಿ ಆಡಿದ ಮಾತುಗಳ ಬರಹರೂಪ)



ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೂ ಇಂದು ಕಂಪ್ಯೂಟರಿನ ಮಾತು ಬಿಟ್ಟು ಮಕ್ಕಳ ದವಡೆ ನೋವಿನ ಬಗ್ಗೆ ಮಾತನಾಡುತ್ತೇನೆ. ನಾನು ವೈದ್ಯನಲ್ಲ. ನಮ್ಮ ಮನೆಯ ಮಗುವೊಂದು ಈ ನೋವು ಅನುಭವಿಸಿತು; ಆಸ್ಪತ್ರೆಗೆ ಜೊತೆಯಲ್ಲಿ ಓಡಾಡಿದವನು ನಾನು. ಅಲ್ಲಿ ಕೇಳಿದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮಕ್ಕಳೇ, ಎರಡೂ ಕಿವಿಗಳ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳ ಕೆಳಗೆ ಅಲುಗುತ್ತದಲ್ಲ, ಅದೇ ದವಡೆ ಕೀಲು. ಕೆಳದವಡೆ ತಲೆಬುರುಡೆಗೆ ಸೇರುವ ಜಾಗ ಅದು. ಎರಡು ಮೂಳೆಗಳ ನಡುವೆ ಮೆತ್ತೆಯಂಥ ತಟ್ಟೆಯೊಂದಿದೆ. ಈ ಕೀಲು ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ‘ಟಕ್’ ಎಂದು ಸದ್ದು ಬಂದರೆ ಹೆದರಬೇಡಿ. ನೋವಿಲ್ಲದೆ ಬಾಯಿ ಚೆನ್ನಾಗಿ ತೆರೆಯುತ್ತಿದ್ದರೆ ಬರೀ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿಗೆ ಹೊಸ ಶಾಲೆ ಸೇರಿದಳು. ಕೆಲವೇ ತಿಂಗಳಲ್ಲಿ ಕಿವಿನೋವು ಎನ್ನತೊಡಗಿದಳು. ಪರೀಕ್ಷೆ ಮಾಡಿದ ವೈದ್ಯರು ಕಿವಿ ಸರಿಯಾಗಿಯೇ ಇದೆ ಎಂದರು. ಆದರೆ ಬೆಳಗ್ಗೆ ಎದ್ದರೆ ಕೆನ್ನೆ ಬಿಗಿತ, ತಲೆನೋವು. ರೊಟ್ಟಿ ಅಗಿಯಲೂ ಆಗುತ್ತಿರಲಿಲ್ಲ. ನೆಂಟರೊಬ್ಬರು, “ಸ್ಕೂಲ್ ತಪ್ಪಿಸೋಕೆ ನಾಟಕ” ಎಂದುಬಿಟ್ಟರು. ಅಂದಿನಿಂದ ಅವಳು ನೋವು ಹೇಳುವುದನ್ನೇ ನಿಲ್ಲಿಸಿದಳು. ಊಟವೂ ಕಡಿಮೆಯಾಯಿತು.

ಕೊನೆಗೆ ಒಂದು ದಂತ ವೈದ್ಯಕೀಯ ಕಾಲೇಜಿಗೆ ಹೋದೆವು. ಅಲ್ಲಿನ ಡಾಕ್ಟರು ಕೆನ್ನೆಯ ಸ್ನಾಯು ಒತ್ತಿ ನೋಡಿದರು, ಬಾಯಿ ಎಷ್ಟು ತೆರೆಯುತ್ತದೆಂದು ಅಳೆದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, “ನಿದ್ದೆ ಚೆನ್ನಾಗಿ ಬರುತ್ತಾ ಪುಟ್ಟಿ? ಸ್ಕೂಲಲ್ಲಿ ಹೇಗಿದೆ?” ಎಂದರು. ಅವಳು ಅತ್ತುಬಿಟ್ಟಳು. ಇಂಗ್ಲಿಷ್ ಮಾತನಾಡಲು ಬರುವುದಿಲ್ಲವೆಂದು ತರಗತಿಯಲ್ಲಿ ನಗುತ್ತಿದ್ದರಂತೆ. ಹಗಲೆಲ್ಲ ಹಲ್ಲು ಬಿಗಿಹಿಡಿದು ಕೂರುತ್ತಿದ್ದಳು, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು.

‘ಹಲ್ಲು ಕಚ್ಚಿಕೊಂಡು ಸಹಿಸಿಕೋ’ ಎಂದು ನಾವು ಸುಲಭವಾಗಿ ಹೇಳುತ್ತೇವೆ. ಮಗು ನಿಜವಾಗಿಯೂ ಹಾಗೆ ಮಾಡಿದರೆ ದವಡೆಯ ಸ್ನಾಯು ದಣಿದು ನೋಯುತ್ತದೆ. ನೋವಿನಿಂದ ನಿದ್ದೆ ಕೆಡುತ್ತದೆ, ಗೆಳತಿಯರ ಜೊತೆ ಉಣ್ಣುವುದು, ನಗುವುದು ತಪ್ಪುತ್ತದೆ. ಆತಂಕ ಇನ್ನೂ ಹೆಚ್ಚುತ್ತದೆ. ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತದೆ. ಹರೆಯಕ್ಕೆ ಬಂದ ಮೇಲೆ ಹೆಣ್ಣುಮಕ್ಕಳಲ್ಲಿ ಈ ತೊಂದರೆ ಹೆಚ್ಚು.

ವೈದ್ಯಲೋಕಕ್ಕೂ ಇದು ಒಮ್ಮೆಲೇ ತಿಳಿದದ್ದಲ್ಲ. 1934ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ ಹಲ್ಲುಗಳ ಜೋಡಣೆ ಕೆಟ್ಟು ಕೀಲಿನ ಮೇಲೆ ಒತ್ತಡ ಬೀಳುವುದೇ ಕಾರಣ ಎಂದರು. 1969ರಲ್ಲಿ ಡೇನಿಯಲ್ ಲಾಸ್ಕಿನ್ ಮನಸ್ಸಿನ ಒತ್ತಡದಿಂದ ಸ್ನಾಯು ಬಿಗಿಯುವುದೇ ಮುಖ್ಯ ಎಂದು ವಾದಿಸಿದರು. 1992ರಲ್ಲಿ ಸಂಶೋಧಕರಿಗಾಗಿ ಸಿದ್ಧವಾದ ತಪಾಸಣಾ ಕ್ರಮದಲ್ಲಿ ಎರಡು ಭಾಗಗಳಿದ್ದವು: ಒಂದರಲ್ಲಿ ಕೀಲು ಮತ್ತು ಸ್ನಾಯು, ಇನ್ನೊಂದರಲ್ಲಿ ಮನಸ್ಸಿನ ಸ್ಥಿತಿ ಮತ್ತು ನೋವಿನಿಂದ ದಿನನಿತ್ಯದ ಬದುಕಿಗಾದ ಅಡ್ಡಿ. ಎರಡನ್ನೂ ನೋಡದೆ ರೋಗಿಯನ್ನು ಪೂರ್ತಿ ನೋಡಿದಂತಾಗದು ಎಂಬುದು ಇದರ ಅರ್ಥ.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಗಲ್ಲ ನೆಲಕ್ಕೆ ಬಡಿಯುವಂತೆ ಬಿದ್ದ ಮಗುವಿಗೆ ಕೀಲಿನ ಹತ್ತಿರ ಮೂಳೆ ಮುರಿದಿರಬಹುದು. ಗಮನಿಸದಿದ್ದರೆ ಮುಂದೆ ಬಾಯಿ ತೆರೆಯುವುದೇ ಕಷ್ಟವಾಗಬಹುದು. ಮಕ್ಕಳಿಗೆ ಬರುವ ಸಂಧಿವಾತವೂ ಈ ಕೀಲಿಗೆ ತಗಲುತ್ತದೆ. ಕೆಲವೊಮ್ಮೆ ನೋವೇ ಇಲ್ಲದೆ ದವಡೆಯ ಬೆಳವಣಿಗೆ ಕುಂಠಿತವಾಗುತ್ತದೆ. ಅಡಿಕೆ, ಗುಟ್ಕಾ ಜಗಿಯುವವರ ಬಾಯಿಯ ಒಳಪದರ ಗಡುಸಾಗಿ ಬಾಯಿ ತೆರೆಯದಂತಾಗುತ್ತದೆ. ಅದು ಕ್ಯಾನ್ಸರಿಗೂ ದಾರಿಯಾಗಬಹುದು. ಬಾಯಿ ಸರಿಯಾಗಿ ತೆರೆಯದಿದ್ದರೆ, ಮುಖ ಒಂದು ಕಡೆ ವಾಲಿದಂತೆ ಕಂಡರೆ, ಮೊದಲು ದಂತ ವೈದ್ಯರಿಗೆ ತೋರಿಸಿ. ನಿದ್ದೆಯಲ್ಲಿ ಹಲ್ಲು ಕಡಿದರೆ ನಮ್ಮ ಕಡೆ ಜಂತುಹುಳು ಎನ್ನುತ್ತಾರೆ. ಹುಳುವಿನ ಮಾತ್ರೆ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬೇಡಿ.

ನಮ್ಮ ಹುಡುಗಿಗೆ ಡಾಕ್ಟರು ಹೇಳಿದ್ದು ಸರಳ ಉಪಾಯಗಳು. ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ನೆನಪಿಗೆ ಕಂಪಾಸ್ ಬಾಕ್ಸಿನ ಮೇಲೆ ಒಂದು ಬಿಂದಿ ಅಂಟಿಸಿಕೊಳ್ಳಲಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ಕೊಡಿ. ಕೆಲವು ವಾರ ಕಬ್ಬು, ಚಕ್ಕುಲಿ, ಚೂಯಿಂಗ್ ಗಮ್ ಬೇಡ. ಮೆತ್ತಗಿನ ಊಟ ಇರಲಿ. ನಮ್ಮ ಮುದ್ದೆ, ಸಾರು ಆಗ ಎಷ್ಟು ಉಪಕಾರಕ್ಕೆ ಬಂತೆಂದು ಹೇಳತೀರದು! ಜೊತೆಗೆ ಆಪ್ತ ಸಮಾಲೋಚಕರ ಹತ್ತಿರ ಕಳಿಸಿದರು. ಅಕ್ಕ ಶಾಲೆಗೆ ಹೋಗಿ ತರಗತಿ ಶಿಕ್ಷಕಿಯ ಬಳಿ ಮಾತನಾಡಿದಳು. ನಗುವುದು ನಿಂತಿತು. ನಿಧಾನವಾಗಿ ನೋವೂ ಇಳಿಯಿತು. ‘ಟಕ್’ ಎಂಬ ಸದ್ದು ಇವತ್ತಿಗೂ ಇದೆ. ಅದರಿಂದ ಅವಳಿಗೇನೂ ತೊಂದರೆಯಿಲ್ಲ.

ಗುರುಗಳೇ, ಪೋಷಕರೇ, ನಿಮ್ಮಲ್ಲಿ ಒಂದೇ ವಿನಂತಿ. ಮಗು ನೋವು ಎಂದರೆ ಮೊದಲು ನಂಬಿ. ಕಾರಣ ಮನಸ್ಸಿನಲ್ಲಿದ್ದರೂ ನೋವು ಸುಳ್ಳಲ್ಲ. ಹಲ್ಲು ತೋರಿಸಿದ ಮೇಲೆ ನಿದ್ದೆ, ಗೆಳೆಯರು, ಪರೀಕ್ಷೆಯ ಭಯ, ಮನೆಯ ಜಗಳ ಎಲ್ಲವನ್ನೂ ಮೆಲ್ಲಗೆ ಕೇಳಿ. ಸಲಹೆ ಬೇಕಾದರೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಆರಂಭವಾದ ಈ ಉಚಿತ ಸೇವೆಗೆ ದಿನದ 24 ಗಂಟೆಯೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ವಿದ್ಯಾರ್ಥಿಗಳೇ, ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳಿ. ಪಕ್ಕದ ಬೆಂಚಿನವರು ಸುಮ್ಮನಾಗಿದ್ದರೆ ಏನಾಯಿತೆಂದು ಕೇಳಿ.