ಓಟು ಹಾಕೋದಾ, ಬೇಡವಾ?



ಮೊನ್ನೆ ರಾತ್ರಿ ಕಲಿಕೆ ಕೇಂದ್ರದಲ್ಲಿ ಪಾಠ ಮುಗಿಸಿ ಚುನಾವಣೆಯ ಮಾತಾಡುತ್ತಿದ್ದೆವು. ಒಬ್ಬ ಅಜ್ಜಿ ಹೇಳಿದರು: "ಇದು ದುಡ್ಡಿದ್ದವರ ಆಟ ಕಣವ್ವ. ಹೋದ ಸಲ ನಾನು ಹೋಗೋ ಹೊತ್ತಿಗೆ ನನ್ನ ಓಟು ಯಾರೋ ಒತ್ತಿ ಹೋಗಿದ್ದರು. ಈ ಸಲ ನಾನು ಬರಲ್ಲ."

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅಜ್ಜಿ ಹೇಳಿದ್ದು ಸುಳ್ಳಲ್ಲವಲ್ಲ! ರಾತ್ರಿ ಬಾಟಲಿ ಬರುತ್ತದೆ, ಸೀರೆ ಬರುತ್ತದೆ, ನೋಟು ಬರುತ್ತದೆ. ಕೂಲಿ ಕೊಡುವವರೇ ಬಂದು ಇಂಥವರಿಗೇ ಹಾಕಿ ಅಂದರೆ ಎದುರು ಮಾತಾಡೋದು ಕಷ್ಟ. ಇಂಥ ಚುನಾವಣೆಗೆ ಹೋದರೆ ನಾವೇ ಮೋಸಕ್ಕೆ ಹೂಂ ಅಂದ ಹಾಗಲ್ಲವೇ?

ಈ ಪ್ರಶ್ನೆ ಹಿಂದೆ ಇಡೀ ದೇಶಕ್ಕೇ ಬಂದಿತ್ತು. 1975ರ ಜೂನ್‌ನಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿ ಹೇರಿತು. ವಿರೋಧ ಪಕ್ಷದ ಸಾವಿರಾರು ಜನ ಜೈಲು ಸೇರಿದರು. ಪತ್ರಿಕೆಗಳ ಬಾಯಿ ಕಟ್ಟಿದರು. 1977ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ಚುನಾವಣೆ ಎಂದರು. ತುರ್ತು ಪರಿಸ್ಥಿತಿ ಇನ್ನೂ ಹೋಗಿರಲಿಲ್ಲ. ತಯಾರಿಗೆ ಎರಡೇ ತಿಂಗಳು. ರೇಡಿಯೋ ಸರ್ಕಾರದ ಕೈಯಲ್ಲಿ. ಇದೆಂಥ ನ್ಯಾಯ? ಚುನಾವಣೆಗೆ ನಿಲ್ಲೋದಾ ಬೇಡವಾ ಎಂದು ವಿರೋಧ ಪಕ್ಷದವರಲ್ಲೇ ಚರ್ಚೆ ನಡೆಯಿತು. ಕೊನೆಗೆ ನಿಂತರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ ನಿಂತರು. ಪ್ರಚಾರಕ್ಕೆ ಹೋಗೋ ಹಾಗಿಲ್ಲ. ಆದರೂ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಇಂದಿರಾ ಅವರು ರಾಯಬರೇಲಿಯಲ್ಲಿ ಸೋತರು. ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಹೋಯಿತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಡೆ ಇಂದಿರಾ ಅವರ ಪಕ್ಷವೇ ಗೆದ್ದಿತು. ಜನರ ಮನಸ್ಸು ಎಲ್ಲ ಕಡೆ ಒಂದೇ ಥರ ಇರೋದಿಲ್ಲ ನೋಡಿ!

ಹಾಗಂತ ಓಟು ಹಾಕಿದ ಕೂಡಲೇ ಮೋಸ ನಿಲ್ಲುತ್ತದೆ ಅಂತ ನಾವು ಹೇಳೋದಿಲ್ಲ. ಆದರೆ ಮನೆಯಲ್ಲೇ ಕೂತರೆ, ಸಿಟ್ಟಿನಿಂದ ಕೂತೆವೋ ಸೋಮಾರಿತನದಿಂದ ಕೂತೆವೋ ಯಾರಿಗೆ ಗೊತ್ತಾಗುತ್ತದೆ? ಯಾರೂ ಬೇಡ ಅನ್ನಿಸಿದರೆ ಲೋಕಸಭೆ, ವಿಧಾನಸಭೆ ಚುನಾವಣೆಯ ಯಂತ್ರದಲ್ಲಿ 2013ರಿಂದ 'ನೋಟಾ' ಗುಂಡಿ ಇದೆ. ಅದಕ್ಕೆ ಎಷ್ಟೇ ಓಟು ಬಿದ್ದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ, ಇದೂ ತಿಳಿದಿರಲಿ. ಆದರೂ ನಮ್ಮ ಸಿಟ್ಟು ಲೆಕ್ಕಕ್ಕೆ ಸಿಗುತ್ತದೆ.

ಅಜ್ಜಿಗೆ ಆದ ಹಾಗೆ ಆದರೆ? ಸುಮ್ಮನೆ ವಾಪಸು ಬರಬಾರದು. ಮತಗಟ್ಟೆ ಅಧಿಕಾರಿಗೆ ಗುರುತು ತೋರಿಸಿ "ಟೆಂಡರ್ ಮತ ಕೊಡಿ" ಎನ್ನಬೇಕು. ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಬೇರೆ ಲಕೋಟೆಯಲ್ಲಿಡುತ್ತಾರೆ. ಮಾಮೂಲು ಎಣಿಕೆಗೆ ಅದು ಸೇರೋದಿಲ್ಲ. ತಕರಾರು ಕೋರ್ಟಿಗೆ ಹೋದರೆ ಕೆಲಸಕ್ಕೆ ಬರುತ್ತದೆ. ಅದಕ್ಕೇ ಬೆಳಗ್ಗೆ ಬೇಗ ಹೋಗೋದು ವಾಸಿ.

"ಆ ಮತಪತ್ರ ಕೊಡೋಕೆ ಮೊದಲು ಒಂದು ಪಟ್ಟಿಯಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ" ಎಂದೆವು.

"ಹೆಬ್ಬೆಟ್ಟಾ, ಹೆಸರಾ?" ಅಂದರು ಅಜ್ಜಿ.

"ಹೆಸರು ಬರೆಯೋಕೆ ಬಂದರೆ ಹೆಸರೇ."

ಅಜ್ಜಿ ಬರ್ತೀನಿ ಅನ್ನಲಿಲ್ಲ, ಬರಲ್ಲ ಅಂತಲೂ ಅನ್ನಲಿಲ್ಲ. ಸ್ಲೇಟು ಎಳೆದುಕೊಂಡು ಕೂತರು.